ಬಡಿತ ತಪ್ಪಿದರೆ ಗಂಟು ಹಾಕು ಎಂದ ಕಂಪೌಂಡರ್

ಓದುವ ಎಲ್ಲರಿಗೂ ನಮಸ್ಕಾರ. ನಾನು ಲೇಖಕನಲ್ಲ, ಮಕ್ಕಳಿಗೆ ಅಕ್ಷರ ತಿದ್ದಿಸಿದವನು. ಈ ಯಂತ್ರದಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ಒತ್ತಕ್ಷರಗಳು ಎಲ್ಲಿ ಅಡಗಿ ಕೂತಿವೆ ಅಂತ ಇನ್ನೂ ಪೂರ್ತಿ ತಿಳಿದಿಲ್ಲ. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ಮೂವತ್ತು ವರ್ಷ ಊರ ಮಕ್ಕಳ ತಪ್ಪಿಗೆಲ್ಲ ಕೆಂಪು ಗೆರೆ ಎಳೆದವನಿಗೆ ಈಗ ತಾನೇ ತಪ್ಪು ಮಾಡುವ ವಯಸ್ಸು ಬಂದಿದೆ.

ಹೋದ ತಿಂಗಳು ಗದಗಿನಲ್ಲಿ ನನ್ನ ಎದೆಗೆ ಒಂದು ಯಂತ್ರ ಕಟ್ಟಿದರು. ಎದೆಯ ಮೇಲೆ ಬಿಲ್ಲೆಗಳನ್ನು ಅಂಟಿಸಿ, ಅವುಗಳಿಂದ ತಂತಿ ಎಳೆದು, ಸೊಂಟಕ್ಕೆ ಸಣ್ಣ ಡಬ್ಬಿ ಕಟ್ಟಿದರು. ಅದಕ್ಕೆ ಹೋಲ್ಟರ್ ಅನ್ನುತ್ತಾರಂತೆ. ಒಂದು ದಿನ ಪೂರ್ತಿ ಬಿಚ್ಚುವಂತಿಲ್ಲ, ಜಳಕ ಮಾಡುವಂತಿಲ್ಲ. ಜೊತೆಗೆ ಒಂದು ಹಾಳೆ ಕೊಟ್ಟರು. ಎದೆ ಹಾರಿದಂತೆ ಅನ್ನಿಸಿದಾಗ ಗಡಿಯಾರ ನೋಡಿ ಹೊತ್ತು ಬರೆಯಬೇಕು, ಆಗ ಏನು ಮಾಡುತ್ತಿದ್ದೆ ಅಂತಲೂ ಬರೆಯಬೇಕು. ಬರೆದೆ.

ಎರಡು ದಿನ ಬಿಟ್ಟು ಮಗಳ ಜೊತೆ ರಿಪೋರ್ಟ್ ಕೇಳಲು ಹೋದೆ. ಡಾಕ್ಟರು ನನ್ನ ಮೊಮ್ಮಗಳ ವಯಸ್ಸಿನವರು. ಹಾಳೆಗಳನ್ನು ತಿರುವಿ ಹಾಕಿ, ಏನೂ ಇಲ್ಲ ಅಜ್ಜಾರ, ಆರಾಮ ಇರ್ರಿ ಅಂದರು. ಮಗಳು ಎದ್ದಳು. ನಾನು ಏಳಲಿಲ್ಲ. ಬಡಿತ ತಪ್ಪಿದ್ದು ಕೂತಾಗಲೋ ನಡೆದಾಗಲೋ ಅಂತ ಕೇಳಿದೆ. ನಾನು ಬರೆದ ಹೊತ್ತಿಗೂ ಯಂತ್ರ ಬರೆದ ಹೊತ್ತಿಗೂ ತಾಳೆ ಆಗುತ್ತದೆಯೇ? ನಡುವೆ ನುಗ್ಗಿದ ಹೆಚ್ಚುವರಿ ಬಡಿತಗಳು ಒಂಟಿಯಾಗಿ ಬಂದಿವೆಯೋ, ಒಂದರ ಹಿಂದೆ ಒಂದು ಸಾಲಾಗಿ ಬಂದಿವೆಯೋ? ನಡುವೆ ಎಲ್ಲಾದರೂ ಎದೆ ಬಹಳ ಹೊತ್ತು ಸುಮ್ಮನಾಗಿದೆಯೋ? ತಾಳವೇ ಇಲ್ಲದಂತೆ ಓಡಿದ ಜಾಗ ಇದೆಯೋ?

ಡಾಕ್ಟರಮ್ಮ ರಿಪೋರ್ಟನ್ನು ನನ್ನ ಕಡೆ ತಿರುಗಿಸಿ ಇಟ್ಟು, ಬೆರಳಿಟ್ಟು ತೋರಿಸಿದರು. ಹೆಚ್ಚುವರಿ ಬಡಿತಗಳು ಇವೆ, ಆದರೆ ಒಂಟಿ. ಬಹಳಷ್ಟು ಕೂತಾಗಲೇ ಬಂದಿವೆ. ಸಾಲು ಇಲ್ಲ, ಬಹಳ ಹೊತ್ತು ನಿಂತದ್ದು ಇಲ್ಲ, ತಾಳಗೆಟ್ಟ ಓಟ ಇಲ್ಲ. ತಾಳಗೆಟ್ಟ ಓಟ ಇದ್ದಿದ್ದರೆ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯುವ ಭಯ ಇರುತ್ತಿತ್ತು, ಔಷಧ ಬೇಕಾಗುತ್ತಿತ್ತು ಅಂದರು. ಒಟ್ಟು ಎಷ್ಟು ಸಲ ತಪ್ಪಿತು ಅನ್ನುವುದೊಂದನ್ನೇ ನೋಡಿ ಹೆದರಬಾರದು, ಯಾವಾಗ ತಪ್ಪಿತು, ಹೇಗೆ ತಪ್ಪಿತು, ಜೊತೆಗೆ ಏನಾಯಿತು ಅಂತಲೂ ನೋಡಬೇಕು ಅಂದರು. ಆಮೇಲೆ, ಇದನ್ನೆಲ್ಲ ಯಾರು ಹೇಳಿಕೊಟ್ಟಾರ್ರಿ ಅಂತ ಕೇಳಿದರು. ಒಬ್ಬ ಕಂಪೌಂಡರ್ ಅಂದೆ. ಅವರು ನಕ್ಕರು. ನನ್ನ ಮಗಳೂ ನಕ್ಕಳು. ಆ ನಗು ಮನೆಗೆ ಬಂದ ಮೇಲೂ ನನ್ನನ್ನು ಬಿಡಲಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತೆ.

ಅವರ ಹೆಸರು ಬರೆಯುವುದಿಲ್ಲ. ಅವರದೇ ಮಾತು: "ನನ್ನ ಹೆಸರ ಎಲ್ಲೂ ಹಾಕಬ್ಯಾಡೋ ತಮ್ಮಾ. ಹೆಸರ ಹಾಕಿದ್ರ ಹಿಂದs ಮೆಮೋ ಬರತೈತಿ." ನಾವೆಲ್ಲ ಕಂಪೌಂಡರ್ ಕಾಕಾ ಅನ್ನುತ್ತಿದ್ದೆವು, ಅಷ್ಟು ಸಾಕು.

ಕಾಕಾ ಲಕ್ಷ್ಮೇಶ್ವರದವರು. ತಲೆತಲಾಂತರದಿಂದ ಗುಡಿಯಲ್ಲಿ ನಗಾರಿ ಬಾರಿಸುವ ಮನೆತನ. ಬೆಳಗಿನ ಪೂಜೆಗೊಮ್ಮೆ, ಸಂಜೆಯ ಪೂಜೆಗೊಮ್ಮೆ ಅವರಪ್ಪ ಬಾರಿಸುವುದನ್ನು ಕೇಳುತ್ತ ಬೆಳೆದವರು. ಆಗ ಲಕ್ಷ್ಮೇಶ್ವರ, ಶಿರಹಟ್ಟಿ ಎಲ್ಲ ಸಂಸ್ಥಾನದ ಊರುಗಳು. ಗದಗ, ಮುಂಡರಗಿ ಮುಂಬೈ ಸರ್ಕಾರದವು. ಸಂಸ್ಥಾನದ ದವಾಖಾನೆಯಲ್ಲಿ ಕಸ ಹೊಡೆಯಲು ಸೇರಿದ ಹುಡುಗನ ಕೈಚಳಕ ನೋಡಿ ಅಲ್ಲಿನ ಮುದುಕ ಡಾಕ್ಟರು ಔಷಧ ಬೆರೆಸಲು ಕಲಿಸಿ ಕಂಪೌಂಡರ್ ಮಾಡಿದರಂತೆ. ಕಾಕಾ ಹೇಳುತ್ತಿದ್ದರು, ಔಷಧ ಕಲಿಸಿದ್ದು ಡಾಕ್ಟರು, ನಾಡಿಯ ತಾಳ ಹಿಡಿಯುವ ಕೈ ಕಲಿಸಿದ್ದು ಅಪ್ಪ ಅಂತ.

ಸ್ವಾತಂತ್ರ್ಯ ಬಂದ ಮರುವರ್ಷ ಸಂಸ್ಥಾನಗಳು ಹೋದವು. ನೌಕರರೆಲ್ಲ ಮುಂಬೈ ಸರ್ಕಾರದ ಪಟ್ಟಿಗೆ ಬಂದರು. ಕಾಕಾನ ಬಳಿ ಇದ್ದದ್ದು ಸಂಸ್ಥಾನದ ಒಂದು ಕಾಗದ, ಹಳೆಯ ಮರಾಠಿಯ ಮೋಡಿ ಲಿಪಿಯದು. ಗದಗಿನ ಕಚೇರಿಯಲ್ಲಿ ಅದನ್ನು ಓದುವವರೇ ಇರಲಿಲ್ಲ. ಓದಲು ಬಾರದ ಕಾಗದ ನಡೆಯುವುದಿಲ್ಲ ಅಂತ ಹೇಳಿ ಅವರನ್ನು ಕಂಪೌಂಡರ್ ಹುದ್ದೆಯಿಂದ ಇಳಿಸಿ ಡ್ರೆಸ್ಸರ್ ಮಾಡಿದರು. ಡ್ರೆಸ್ಸರ್ ಅಂದರೆ ಗಾಯ ತೊಳೆದು ಪಟ್ಟಿ ಕಟ್ಟುವವನು. ಕಾಕಾ ಕೇಳಿದ್ದು ಒಂದೇ ಪ್ರಶ್ನೆಯಂತೆ: "ರಾಜಾ ಹೋದ್ರ ನಾಡಿನೂ ಹೊಕ್ಕೈತೇನ್ರಿ?"

ಹುದ್ದೆ ಬದಲಾಯಿತು, ಕೆಲಸ ಬದಲಾಗಲಿಲ್ಲ. ಗದಗಿನ ದವಾಖಾನೆಯ ಪಡಸಾಲೆಯಲ್ಲಿ ಒಂದು ಕಡೆ ಪಟ್ಟಿ ಕಟ್ಟುತ್ತ, ಸಾಲಿನಲ್ಲಿ ಕೂತವರ ಮುಂಗೈ ಹಿಡಿದು ನೋಡುತ್ತಿದ್ದರು. ಮುಖ ನೋಡುತ್ತಿರಲಿಲ್ಲ. ಮುಖ ಸುಳ್ಳು ಹೇಳುತ್ತದೆ ಅನ್ನುತ್ತಿದ್ದರು. ಗೋಡೆಯ ಕಡೆ ತಿರುಗಿ, ಕಣ್ಣು ಅರ್ಧ ಮುಚ್ಚಿ, ಇನ್ನೊಂದು ಕೈಯ ಹೆಬ್ಬೆರಳನ್ನು ತಮ್ಮ ತೊಡೆಯ ಮೇಲೆ ಮೆಲ್ಲಗೆ ಆಡಿಸುತ್ತಿದ್ದರು. ಆಮೇಲೆ ಪ್ರಶ್ನೆ. ಎದೆ ಹಾರಿದ್ದು ಕೂತಾಗಲೋ ದುಡಿಯುವಾಗಲೋ? ಬಂದಾಗ ಕಣ್ಣು ಕತ್ತಲೆ ಬಂದು ಬಿದ್ದಿದ್ದೀಯೇನು? ಎದೆ ನೋವು, ಉಸಿರು ಹತ್ತುವುದು? ಮನೆಯಲ್ಲಿ ಯಾರಾದರೂ ಪ್ರಾಯದಲ್ಲೇ ಇದ್ದಕ್ಕಿದ್ದಂತೆ ಸತ್ತಿದ್ದಾರೇನು?

ಲಕ್ಷ್ಮೇಶ್ವರದ ಒಬ್ಬ ಅರಳೆ ವ್ಯಾಪಾರಿ ಹಳೆಯ ಪರಿಚಯದ ಮೇಲೆ ಅವರನ್ನು ಹುಡುಕಿಕೊಂಡು ಮೋಟಾರಿನಲ್ಲಿ ಬಂದಿದ್ದರು. ಎದೆ ಡವಡವ ಅನ್ನುತ್ತದೆ, ಇನ್ನು ನನ್ನ ಕತೆ ಮುಗಿಯಿತು ಅಂತ ಪಡಸಾಲೆ ತುಂಬ ಕೇಳುವಂತೆ ಹೇಳಿದರು. ಕಾಕಾ ಮುಂಗೈ ಹಿಡಿದು, ಕೇಳುವುದನ್ನೆಲ್ಲ ಕೇಳಿ, ಕೊನೆಗೆ ದಿನಕ್ಕೆ ಚಹಾ ಎಷ್ಟು ಕಪ್ ಅಂದರು. ಎಣಿಸಿಲ್ಲ ಅಂದರು ವ್ಯಾಪಾರಿ. "ನಿಮ್ಮ ಎದಿ ಎಣಿಸೇತ್ರಿ ಸಾವಕಾರ. ಅದಕ್ಕs ಜಲ್ದಿ ನಡದೈತಿ" ಅಂದರು ಕಾಕಾ. ಸಾಲಿನಲ್ಲಿ ಕೂತವರು ನಕ್ಕರು. ಸಾವಕಾರರು ಆಮೇಲೆ ಬರಲಿಲ್ಲ, ಸಾಯಲೂ ಇಲ್ಲ.

ಆದರೆ ಕಾಕಾ ತಮಾಷೆ ಬಿಟ್ಟದ್ದನ್ನೂ ನೋಡಿದ್ದೇನೆ. ಹರ್ತಿಯಿಂದ ಒಬ್ಬ ಹೆಣ್ಣುಮಗಳನ್ನು ಚಕ್ಕಡಿಯಲ್ಲಿ ಕರೆತಂದರು. ನೀರು ಸೇದುವಾಗ ಎರಡು ಸಲ ಬಾವಿಕಟ್ಟೆಯ ಮೇಲೆ ಬಿದ್ದಿದ್ದಳು. ಗಾಳಿ ಹಿಡಿದಿದೆ ಅಂತ ಕೊರಳಿಗೆ ತಾಯಿತ, ತೋಳಿಗೆ ತಾಯಿತ. ಹಣೆಯ ಗಾಯಕ್ಕೆ ಪಟ್ಟಿ ಕಟ್ಟಿಸಲು ಬಂದಿದ್ದರು, ಅಷ್ಟೇ. ಕಾಕಾ ಪಟ್ಟಿ ಕಟ್ಟಿ ಮುಂಗೈ ಹಿಡಿದರು. ತೊಡೆಯ ಮೇಲೆ ಆಡುತ್ತಿದ್ದ ಹೆಬ್ಬೆರಳು ಎರಡು ಸಲ ಹಿಂದೆ ಬಿತ್ತು, ಆಮೇಲೆ ನಿಂತೇಬಿಟ್ಟಿತು. ಎದ್ದು ನಿಂತು ಗಂಡನಿಗೆ ಹೇಳಿದರು:

"ದೆವ್ವಕ್ಕಾದ್ರೂ ಒಂದು ತಾಳ ಇರತೈತೋ ಯಪ್ಪಾ. ಇದಕ್ಕ ಇಲ್ಲ. ಇವತ್ತs ಹುಬ್ಬಳ್ಳಿಗೆ ಒಯ್ಯಿ."

ಗಂಡ ನಾಳೆ ನೋಡೋಣ ಅಂದ. ಒಳಗಿನ ಡಾಕ್ಟರು ಹೊರಗೆ ಬಂದು, ಪಟ್ಟಿ ಕಟ್ಟುವವನು ಹುಬ್ಬಳ್ಳಿಗೆ ಕಳಿಸುವುದು ಯಾವಾಗಿನಿಂದ ಅಂದರು. ಕಾಕಾ ಜಗಳಕ್ಕೆ ನಿಲ್ಲಲಿಲ್ಲ. ನೀವೇ ಒಮ್ಮೆ ಕೊಳವೆ ಇಟ್ಟು ನೋಡಿ ಅಂದರು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿದರು. ಬಹಳ ಹೊತ್ತು ಕೇಳಿದರು. ಆಮೇಲೆ ಹುಬ್ಬಳ್ಳಿಗೆ ಚೀಟಿ ಬರೆದುಕೊಟ್ಟರು. ಕಾಕಾ ಸ್ಟೇಷನ್ನಿನ ತನಕ ಹೋಗಿ ರೈಲು ಹತ್ತಿಸಿ ಬಂದರು. ಆಕೆ ಗುಳಿಗೆ ನುಂಗುತ್ತ ಮುಂದೆ ಬಹಳ ವರ್ಷ ಬದುಕಿದಳು.

ಇಷ್ಟೆಲ್ಲ ನಾನು ಹೇಗೆ ನೋಡಿದೆ ಅಂದರೆ, ನಾನೂ ಆ ಸಾಲಿನಲ್ಲಿ ದಿನಗಟ್ಟಲೆ ಕೂತಿದ್ದೆ. ಯಾಕೆ ಅಂತ ಹೇಳುತ್ತೇನೆ.

ನಾವು ಬೆಟಗೇರಿಯ ನೇಕಾರರು. ಅಪ್ಪ ಜ್ವರದಲ್ಲಿ ಹೋದಾಗ ನನಗೆ ಒಂಬತ್ತು. ಶಾಲೆಗೆ ಹೋಗುವ ವಯಸ್ಸಿನಲ್ಲಿ ಮಗ್ಗದ ಕುಣಿಗೆ ಇಳಿದೆ. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಒಂದನೇ ಇಯತ್ತೆಗೆ ಸೇರಿದೆ, ಆಗ ನನಗೆ ಮೀಸೆ ಚಿಗುರುತ್ತಿತ್ತು. ಪಕ್ಕದಲ್ಲಿ ಕೂತ ಮಕ್ಕಳು ನನ್ನನ್ನು ಮಾಮಾ ಅನ್ನುತ್ತಿದ್ದರು. ಬೆಳಗ್ಗೆ ಮಗ್ಗ, ಆಮೇಲೆ ಶಾಲೆ, ಮತ್ತೆ ಮಗ್ಗ. ಹೀಗೆ ಮುಲ್ಕಿ ಪರೀಕ್ಷೆ ಪಾಸಾದೆ. ಆಗ ಏಳನೇ ಇಯತ್ತೆಯ ಆ ಪರೀಕ್ಷೆ ಪಾಸಾದರೆ ಪ್ರಾಥಮಿಕ ಶಾಲೆಯ ಮಾಸ್ತರಿಕೆ ಸಿಗುತ್ತಿತ್ತು. ನನಗೂ ಸಿಕ್ಕಿತು, ಹೊಂಬಳದ ಶಾಲೆ. ಒಂದೇ ಬಾಕಿ: ದೇಹ ಕೆಲಸಕ್ಕೆ ಯೋಗ್ಯವಾಗಿದೆ ಅಂತ ಸರ್ಕಾರಿ ಡಾಕ್ಟರ ಸರ್ಟಿಫಿಕೇಟು. ತಿಂಗಳೊಳಗೆ ಕೊಡದಿದ್ದರೆ ಜಾಗ ಪಟ್ಟಿಯ ಮುಂದಿನವನಿಗೆ.

ಗದಗಿನ ದವಾಖಾನೆಯ ಡಾಕ್ಟರು ನನ್ನ ನಾಡಿ ಹಿಡಿದರು. ಹುಬ್ಬು ಗಂಟಿಕ್ಕಿತು. ಎದೆಗೆ ಕೊಳವೆ ಇಟ್ಟರು. ನಡುನಡುವೆ ಬಡಿತ ತಪ್ಪುತ್ತದೆ, ಸರ್ಟಿಫಿಕೇಟು ಕೊಡಲಾರೆ, ನಾಳೆ ಶಾಲೆಯಲ್ಲಿ ನೀನು ಬಿದ್ದರೆ ನನ್ನ ಸಹಿಗೆ ಏನು ಬೆಲೆ ಅಂದರು. ಅವರದು ತಪ್ಪು ಅಂತ ಈಗಲೂ ಹೇಳುವುದಿಲ್ಲ. ಕೇಳಿದ್ದನ್ನು ಹೇಳಿದರು.

ಮನೆಯಲ್ಲಿ ಗೊತ್ತಾಯಿತು. ಅವ್ವ ನನ್ನನ್ನು ಶಿರಹಟ್ಟಿಯ ಒಬ್ಬ ನಾಡಿ ನೋಡುವವರ ಹತ್ತಿರ ಕರೆದುಕೊಂಡು ಹೋದಳು. ಅವರು ಮುಂಗೈ ಬಿಟ್ಟು, ನಿಂತು ನಿಂತು ನಡೆಯುವ ನಾಡಿ ಬಹಳ ದಿನ ನಡೆಯುವುದಿಲ್ಲ ತಾಯಿ ಅಂದರು. ಅವ್ವ ನನ್ನನ್ನು ಬಸ್ಸು ಹತ್ತಿಸಿ ವಾಪಸು ಕರೆತಂದಳು. ಬೆಟಗೇರಿಯಲ್ಲಿ ಇಳಿದ ಮೇಲೆ, ನಾಳೆಯಿಂದ ಮಗ್ಗಕ್ಕೆ ಇಳಿಯಬೇಡ ಅಂದಳು. ನನಗೆ ಇಪ್ಪತ್ತಮೂರು. ಮಗ್ಗವೂ ಇಲ್ಲ, ಶಾಲೆಯೂ ಇಲ್ಲ. ಹಾಸಿಗೆಯ ಮೇಲೆ ಕೂತು ನನ್ನ ಎದೆಯನ್ನು ನಾನೇ ಕೇಳುತ್ತಿದ್ದೆ. ಕೇಳಿದಷ್ಟೂ ಅದು ಹೆಚ್ಚು ತಪ್ಪುತ್ತಿತ್ತು.

ಡಾಕ್ಟರ ಮನಸ್ಸು ಬದಲಾಗಬಹುದು ಅಂತ ಮತ್ತೆ ದವಾಖಾನೆಗೆ ಹೋಗಿ ಕೂತೆ. ಮೂರನೇ ದಿನ ಕಾಕಾ ನನ್ನ ಪಕ್ಕ ಬಂದು ಕೂತರು. ನಿನಗೆ ಗಾಯ ಕಾಣುವುದಿಲ್ಲವಲ್ಲ ಅಂದರು. ಎಲ್ಲ ಹೇಳಿದೆ. ಎದೆಯಲ್ಲಿ ಹೇಗಾಗುತ್ತದೆ ಅಂತ ಕೇಳಿದರು.

"ಎಳಿ ಕಡದಂಗ ಆಗತೈತ್ರಿ ಕಾಕಾ. ಒಂದೀಟು ಗಪ್ ಆಗಿ, ಮತ್ತ ಧಸ್ ಅಂತ ಒಂದು ಹೊಡತ."

"ಮಗ್ಗದಾಗ ಎಳಿ ಕಡದ್ರ ಏನ ಮಾಡತಿ?"

"ಗಂಟ ಹಾಕತೀನ್ರಿ."

"ಇದಕ್ಕೂ ಗಂಟ ಹಾಕು."

ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಒಂದು ಬಿಳಿ ಎಳೆ, ಒಂದು ಕೆಂಪು ಎಳೆ ತಗೊ. ಎರಡನ್ನೂ ಉಡದಾರಕ್ಕೆ ಕಟ್ಟಿಕೊ. ಬೆಳಗ್ಗೆ ಎದ್ದಾಗಿನಿಂದ ಮಲಗುವ ತನಕ, ಸುಮ್ಮನೆ ಕೂತಾಗ ಎದೆ ತಪ್ಪಿದರೆ ಬಿಳಿ ಎಳೆಗೆ ಒಂದು ಗಂಟು. ಮಗ್ಗ ಹೊಡೆಯುವಾಗ, ನೀರು ಹೊರುವಾಗ, ದಿಬ್ಬ ಹತ್ತುವಾಗ ತಪ್ಪಿದರೆ ಕೆಂಪಿಗೆ ಗಂಟು. ಕಣ್ಣು ಕತ್ತಲೆ ಬಂದರೆ, ಎದೆ ಹಿಡಿದುಕೊಂಡರೆ ಎಳೆ ಗಿಳೆ ಬಿಟ್ಟು ನೇರ ಇಲ್ಲಿಗೆ ಬಾ. ಮತ್ತೆ ಮಗ್ಗಕ್ಕೆ ಇಳಿ, ಮಲಗಿ ಕೂತರೆ ಕೆಂಪು ಎಳೆಗೆ ಕೆಲಸ ಎಲ್ಲಿಂದ ಬರಬೇಕು ಅಂದರು. ಹೋಗುವಾಗ, ಪರೀಕ್ಷೆಗೆ ಅಂತ ಕಲಿತ ಚಹಾ ಬಿಡು ಅಂತಲೂ ಹೇಳಿದರು.

ಬರೆಯುವುದಕ್ಕಿಂತ ಗಂಟು ಹಾಕುವುದು ನನಗೆ ಸುಲಭ. ಒಂದು ಕೈ ಲಾಳಿ ಬಿಡುವಷ್ಟರಲ್ಲಿ ಇನ್ನೊಂದು ಕೈ ಗಂಟು ಹಾಕಿ ಮುಗಿಸಿರುತ್ತದೆ. ಒಂದು ದಿನ ಪೂರ್ತಿ ಹಾಗೇ ಮಾಡಿ, ಮಲಗುವಾಗ ಎರಡೂ ಎಳೆ ಬಿಚ್ಚಿ ಗೂಡಿನಲ್ಲಿ ಇಟ್ಟೆ.

ಬೆಳಗ್ಗೆ ನೋಡಿದರೆ ಗೂಡು ಖಾಲಿ. ಅವ್ವ ನನ್ನ ಸೊಂಟದಲ್ಲಿ ಗಂಟು ಗಂಟಿನ ದಾರ ನೋಡಿದ್ದಳು. ಯಾರೋ ದೊಡ್ಡವರು ಮಂತ್ರಿಸಿ ಕೊಟ್ಟಿದ್ದಾರೆ, ಮಗ ನಾಚಿಕೊಂಡು ಹೇಳಿಲ್ಲ ಅಂದುಕೊಂಡಳು. ಎರಡನ್ನೂ ಅರಿಶಿನದಲ್ಲಿ ಅದ್ದಿ, ನಾಲ್ಕು ತುಂಡು ಮಾಡಿ, ಮಗ್ಗದ ನಾಲ್ಕು ಗೂಟಕ್ಕೂ ಕಟ್ಟಿ, ಕೈಮುಗಿದು ನಿಂತಿದ್ದಳು. ಗಂಟು ಹಾಕಿದ್ದ ಜಾಗದಲ್ಲೇ ಕತ್ತರಿ ಆಡಿತ್ತು.

ಈ ಮಾತು ಹೇಳಲು ಹೋದಾಗ ಕಾಕಾ ಬೈಯಬಹುದು ಅಂತ ಹೆದರಿದ್ದೆ. ಅವರು ನಕ್ಕು ನಕ್ಕು ಕೈಯಲ್ಲಿದ್ದ ಪಟ್ಟಿಯ ಸುರುಳಿ ಬಿಟ್ಟರು. ಆಮೇಲೆ ಮಧ್ಯಾಹ್ನದ ಊಟದ ಹೊತ್ತಿಗೆ ನನ್ನ ಜೊತೆ ಬೆಟಗೇರಿಗೆ ನಡೆದು ಬಂದರು. ಅವ್ವನ ಮುಂದೆ ಕೂತು ಆಕೆಯ ಮುಂಗೈ ಹಿಡಿದರು. ಗೋಡೆ ನೋಡುತ್ತ ಕೂತವರು, ಹೆಬ್ಬೆರಳು ಒಮ್ಮೆ ತಡೆದಾಗ ಆಕೆಯ ಕಡೆ ತಿರುಗಿದರು.

"ನಿಂದೂ ತಪ್ಪತೈತಿ ತಂಗೀ. ಗೊತ್ತೈತೇನು?"

ಅವ್ವ ಹೌದು ಅಂದಳು. ಮದುವೆಯಾಗಿ ಬಂದಾಗಿನಿಂದ ಹಾಗೇ ಇದೆ, ಯಾರಿಗೆ ಹೇಳುವುದು ಅಂದಳು. ಅದೇ ಎದೆ ಹೊತ್ತುಕೊಂಡು ನೀರು ಹೊತ್ತಿದ್ದೀಯ, ನೂಲು ಸುತ್ತಿದ್ದೀಯ, ಗಂಡ ಹೋದ ಮೇಲೆ ಮನೆ ನಡೆಸಿದ್ದೀಯ, ಒಂದು ದಿನವಾದರೂ ಬಿದ್ದಿದ್ದೀಯೇನು ಅಂತ ಕಾಕಾ ಕೇಳಿದರು. ಅವ್ವ ಇಲ್ಲ ಅಂದಳು. ಇವರಪ್ಪನ ಕಡೆ, ನಿನ್ನ ತವರಿನ ಕಡೆ ಯಾರಾದರೂ ಪ್ರಾಯದಲ್ಲಿ ಇದ್ದಕ್ಕಿದ್ದಂತೆ ಹೋಗಿದ್ದಾರೇನು ಅಂದರು. ಅದೂ ಇಲ್ಲ. ಹಾಗಾದರೆ ನಿನ್ನ ಮಗನ ದಾರಕ್ಕೆ ಕತ್ತರಿ ಹಾಕಬೇಡ, ನಾಳೆ ಮತ್ತೆ ಕಟ್ಟುತ್ತಾನೆ ಅಂತ ಹೇಳಿ, ಅವ್ವ ಕೊಟ್ಟ ರೊಟ್ಟಿ ತಿಂದು ಹೋದರು. ಅವ್ವ ಮರುದಿನ ತಾನೇ ಎರಡು ಎಳೆ ಹೊಸೆದುಕೊಟ್ಟಳು.

ಎರಡನೇ ಸಲದ ಎಳೆಗಳನ್ನು ಕಾಕಾ ಬೆಳಕಿಗೆ ಹಿಡಿದು, ಜಪಮಾಲೆ ಎಣಿಸಿದಂತೆ ಬೆರಳಲ್ಲಿ ಜಾರಿಸಿದರು. ಬಿಳಿ ಎಳೆಯ ತುಂಬ ಗಂಟು. ಒಂದರಿಂದ ಒಂದು ದೂರ, ಎಲ್ಲೂ ಜೋಡಿ ಇಲ್ಲ. ಕೆಂಪು ಎಳೆ ತಲೆಯಿಂದ ಕೊನೆಯ ತನಕ ನುಣ್ಣಗಿತ್ತು.

"ದುಡಿಯೂವಾಗ ಮಾಯ ಆಗೂದು ಅಂಜೂವಂಥಾದ್ದಲ್ಲೋ ತಮ್ಮಾ" ಅಂದರು. "ದುಡಿಯೂ ಮುಂದ ಬರೂದಿತ್ತಂದ್ರ ನಾನs ನಿನ್ನ ರೈಲ ಹತ್ತಸ್ತಿದ್ದೆ."

ಅಷ್ಟಕ್ಕೇ ಬಿಟ್ಟಿದ್ದರೆ ನಾನು ಬದುಕುತ್ತಿದ್ದೆ, ಮಾಸ್ತರ್ ಆಗುತ್ತಿರಲಿಲ್ಲ. ತಿಂಗಳು ಮುಗಿಯಲು ನಾಲ್ಕು ದಿನ ಉಳಿದಿತ್ತು. ದವಾಖಾನೆಯ ಗುಮಾಸ್ತರು ಒಂದು ದಾರಿ ಹೇಳಿದರು. ಬಡಿತ ಸರಿ ಇರುವ ಹೊತ್ತು ನೋಡಿಕೊಂಡು ಬೇರೆ ಊರಿನ ಡಾಕ್ಟರ ಮುಂದೆ ನಿಲ್ಲು, ಅವರು ಏನೂ ಇಲ್ಲ ಅಂತ ಬರೆಯುತ್ತಾರೆ, ಮುಗಿಯಿತು. ನನಗೆ ಆಸೆಯಾಯಿತು. ಸುಳ್ಳು ಹೇಳುವುದಿಲ್ಲ, ಬಹಳ ಆಸೆಯಾಯಿತು. ಕಾಕಾಗೆ ಹೇಳಿದೆ. ಅಷ್ಟು ದಿನದಲ್ಲಿ ಅವರು ನನ್ನ ಮೇಲೆ ಸಿಟ್ಟಾದದ್ದು ಅದೊಂದೇ ಸಲ. ಐತಿ ಅನ್ನುವುದನ್ನು ಇಲ್ಲ ಅಂತ ಬರೆಸಿದರೆ, ಪ್ರತಿ ಸಲ ಎದೆ ಧಸ್ ಅಂದಾಗ ಕಳ್ಳನ ಹಾಗೆ ಬೆಚ್ಚುತ್ತೀಯ, ಮೂವತ್ತು ವರ್ಷ ಹೀಗೆ ಬೆಚ್ಚುತ್ತ ಪಾಠ ಹೇಳುತ್ತೀಯೇನು ಅಂದರು. ನನ್ನ ರಟ್ಟೆ ಹಿಡಿದು ಡಾಕ್ಟರ ಕೋಣೆಗೆ ನಡೆಸಿಕೊಂಡು ಹೋದರು.

ಮೇಜಿನ ಮೇಲೆ ಎರಡೂ ಎಳೆ ಇಟ್ಟರು. ಡಾಕ್ಟರು ಇದೇನು ಅಂದರು. ಕಾಕಾ ಹೇಳಿದರು. ಡಾಕ್ಟರು ನಗಲಿಲ್ಲ, ಆದರೆ ದಾರ ನೋಡಿ ಸಹಿ ಮಾಡಲು ಬರುವುದಿಲ್ಲ ಅಂದರು. ಹಾಗಾದರೆ ಕಿವಿಯಿಂದ ಕೇಳಿ ಮಾಡಿ ಅಂದರು ಕಾಕಾ. ನನಗೆ ಅಂಗಳದ ಬೇವಿನ ಮರದ ಸುತ್ತ ಓಡಲು ಹೇಳಿದರು. ನಾನು ಧೋತರದ ಕಚ್ಚೆ ಬಿಗಿದು ಓಡಿದೆ. ಸಾಲಿನಲ್ಲಿ ಕೂತ ರೋಗಿಗಳು ಸುತ್ತು ಎಣಿಸತೊಡಗಿದರು. ಒಬ್ಬ ಮುದುಕ, ಇವನಿಗೆ ಏನು ರೋಗರೀ, ಈ ಪರಿ ಓಡುತ್ತಾನೆ ಅಂದ. ಇಪ್ಪತ್ತು ಸುತ್ತು ಆದ ಮೇಲೆ ಒಳಗೆ ಬಂದು ನಿಂತೆ. ಡಾಕ್ಟರು ಕೊಳವೆ ಇಟ್ಟರು. ಗಡಿಯಾರ ನೋಡುತ್ತ ಕೇಳಿದರು. ಒಂದೂ ತಪ್ಪಲಿಲ್ಲ. ಕೂರಿಸಿ, ಉಸಿರು ತಣ್ಣಗಾಗುವ ತನಕ ಕಾಯ್ದು ಮತ್ತೆ ಕೇಳಿದರು. ನಿಧಾನಕ್ಕೆ ಒಂದು ತಪ್ಪಿತು, ಸ್ವಲ್ಪ ಹೊತ್ತಿಗೆ ಇನ್ನೊಂದು.

ಅವರು ಕೊಳವೆ ಮೇಜಿನ ಮೇಲಿಟ್ಟು ಫಾರ್ಮು ಎಳೆದುಕೊಂಡರು. ಏನೂ ಇಲ್ಲ ಅಂತಲೇ ಬರೆದುಬಿಡುತ್ತೇನೆ ಅಂದರು. ಕಾಕಾ ಬೇಡ ಅಂದರು.

"ಏನೂ ಇಲ್ಲ ಅನಬ್ಯಾಡ್ರಿ ಸಾಹೇಬ್ರ. ಐತಿ. ಆದ್ರ ಕೊಲ್ಲೂದಿಲ್ಲ. ಹಂಗs ಬರೀರಿ."

ಫಾರ್ಮಿನಲ್ಲಿ ಅದಕ್ಕೆ ಜಾಗವಿಲ್ಲ, ದೋಷ ಇದೆಯೋ ಇಲ್ಲವೋ ಎರಡೇ ಮನೆ ಇವೆ ಅಂದರು ಡಾಕ್ಟರು. ಕಾಕಾ ಆ ಫಾರ್ಮನ್ನು ತಮ್ಮ ಕಡೆ ತಿರುಗಿಸಿ ಬೆರಳಿಟ್ಟರು. ಕರ್ನಾಟಕದ ಏಕೀಕರಣವಾಗಿ ಕೆಲವೇ ವಾರ ಆಗಿತ್ತು. ಹೊಸ ಫಾರ್ಮುಗಳು ಇನ್ನೂ ಬಂದಿರಲಿಲ್ಲ. ಮೇಲೆ ಮುಂಬೈ ಸರ್ಕಾರ ಅಂತ ಅಚ್ಚಾಗಿದ್ದುದಕ್ಕೆ ಗೆರೆ ಎಳೆದು, ಮಸಿಯಲ್ಲಿ ಮೈಸೂರು ಅಂತ ಬರೆದಿದ್ದರು.

"ಸರ್ಕಾರದ ಹೆಸರನs ಕಾಟ ಹೊಡದು ಮ್ಯಾಲ ಬರದೀರಿ. ಒಬ್ಬ ಬಡವನ ಎದಿ ಬಗ್ಗೆ ಒಂದು ಸಾಲು ಮಾರ್ಜಿನ್ಯಾಗ ಬರಿಯಾಕ ಜಾಗಾ ಇಲ್ಲೇನ್ರಿ?"

ಡಾಕ್ಟರು ಪೆನ್ನಿನ ಟೊಪ್ಪಿಗೆ ತೆಗೆದರು. ಮಾರ್ಜಿನಿನಲ್ಲಿ ಇಂಗ್ಲಿಷಿನಲ್ಲಿ ಬರೆದರು. ನನಗಾಗ ಇಂಗ್ಲಿಷ್ ಬರುತ್ತಿರಲಿಲ್ಲ, ಅವರೇ ಓದಿ ಹೇಳಿದರು: ಬಡಿತ ನಡುನಡುವೆ ತಪ್ಪುತ್ತದೆ, ಶ್ರಮದಲ್ಲಿ ಸರಿಯಾಗುತ್ತದೆ, ಕೆಲಸಕ್ಕೆ ಯೋಗ್ಯ. ಕೆಳಗೆ ಸಹಿ, ಸಹಿಯ ಕೆಳಗೆ ಮುಂಬೈ ಸರ್ಕಾರದ್ದೇ ಹಳೆಯ ಮೊಹರು. ಆ ಡಾಕ್ಟರನ್ನೂ ನಾನು ಮರೆತಿಲ್ಲ. ಬರೆಯದೇ ಇರಬಹುದಿತ್ತು, ಬರೆದರು.

ನಾನು ಹೊಂಬಳಕ್ಕೆ ಹೋದೆ. ಒಂದನೇ ಇಯತ್ತೆಯ ಮಕ್ಕಳಿಗೆ ಅ ಬರೆಯುವುದನ್ನು ತೋರಿಸುವಾಗ ಎದೆ ಒಮ್ಮೆ ತಪ್ಪಿತು. ತಪ್ಪಲಿ ಅಂದುಕೊಂಡು ಮುಂದಿನ ಅಕ್ಷರ ಆ ಬರೆದೆ.

ಕಾಕಾಗೆ ಏನಾಯಿತು ಅಂತ ನನಗೆ ತಿಳಿದದ್ದು ಬೇಸಿಗೆ ಸೂಟಿಯಲ್ಲಿ. ಮಾರ್ಜಿನಿನ ಆ ಸಾಲು ಧಾರವಾಡದ ಕಚೇರಿಯಲ್ಲಿ ಯಾರದೋ ಕಣ್ಣಿಗೆ ಬಿದ್ದಿತ್ತು. ಹೀಗೆ ಬರೆಯಲು ಆಧಾರ ಏನು ಅಂತ ಕೇಳಿ ಪತ್ರ ಬಂತು. ಡಾಕ್ಟರು ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದರು, ಕಾಕಾನ ಹೆಸರು ಸಮೇತ. ಡ್ರೆಸ್ಸರ್ ಆದವನು ರೋಗಿಗಳ ನಾಡಿ ಹಿಡಿಯತಕ್ಕದ್ದಲ್ಲ ಅಂತ ಹುಕುಂ ಬಂತು. ಜೊತೆಗೆ ಮುಂಡರಗಿಗೆ ವರ್ಗ, ಅಲ್ಲಿ ಔಷಧದ ಉಗ್ರಾಣದಲ್ಲಿ ಬಾಟಲಿ ತೊಳೆಯುವ ಕೆಲಸ. ರೋಗಿಗಳ ಹತ್ತಿರ ಹೋಗುವಂತಿಲ್ಲ.

ನಾನು ಮುಂಡರಗಿಗೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಮನಸ್ಸಿನಲ್ಲೇ ಪಾಠ ಮಾಡಿಕೊಂಡೆ. ನನ್ನಿಂದ ಹೀಗಾಯಿತು, ಕ್ಷಮಿಸಿ ಅನ್ನಬೇಕು. ದವಾಖಾನೆಯ ಹಿಂದೆ ಹೋದರೆ ಟಕ್ ಟಕ್ ಅಂತ ಸದ್ದು. ಬಡಗಿಗಳು ಕೆಲಸ ಮಾಡುತ್ತಿದ್ದಾರೆ ಅಂದುಕೊಂಡೆ. ಉಗ್ರಾಣದ ಬಾಗಿಲಿನ ಹೊರಗೆ ಬಾಟಲಿಗಳು ಬರುವ ಖಾಲಿ ಕಟ್ಟಿಗೆ ಪೆಟ್ಟಿಗೆಗಳನ್ನು ಬೋರಲು ಹಾಕಿತ್ತು. ಒಂದೊಂದರ ಮುಂದೆ ಒಬ್ಬೊಬ್ಬರು ಕೂತಿದ್ದರು. ಒಳಗೆ ಕಾಕಾ ಬಾಟಲಿ ತೊಳೆಯುತ್ತಿದ್ದರು, ಹೊರಗೆ ಬೆನ್ನು ಮಾಡಿ. ಕಿವಿ ಮಾತ್ರ ಈ ಕಡೆ.

"ನಿನ್ನ ಎದಿ ಹೆಂಗ ಬಡಕೊಂತೈತಿ, ಹಂಗ ಪೆಟಿಗಿ ಮ್ಯಾಲ ಬಡದು ತೋರಸವಾ" ಅಂತ ಒಬ್ಬ ಮುದುಕಿಗೆ ಹೇಳುತ್ತಿದ್ದರು.

ಮುದುಕಿ ಬೆರಳಿಂದ ಬಡಿದಳು. ಸಮನಾಗಿ, ಜಲ್ದಿ ಜಲ್ದಿ. ಕಾಕಾ ತಿರುಗದೆಯೇ ಆಕೆಗೆ ಯಾವಾಗ, ಎಷ್ಟು ಹೊತ್ತು, ಬಿದ್ದೆಯೇನು ಅಂತ ಕೇಳಿದರು. ಆಮೇಲೆ, ಒಳಗೆ ಹೋಗಿ ಡಾಕ್ಟರಿಗೆ ಇದನ್ನೇ ಹೀಗೇ ಹೇಳು ಅಂದರು.

ನನ್ನನ್ನು ನೋಡಿ ಕೈ ಒರೆಸಿಕೊಂಡು ಹೊರಗೆ ಬಂದರು. ಹುಕುಂ ಬಂದ ಮೇಲೂ ಇದೆಲ್ಲ ಯಾಕೆ ಕಾಕಾ, ಇನ್ನೂ ದೂರ ಹಾಕುತ್ತಾರೆ ಅಂತಷ್ಟೇ ಹೇಳಿದೆ.

"ನಾಡಿ ಹಿಡಿಬಾರದು ಅಂತ ಬರದಾರ" ಅಂದರು. "ಹಿಡದೀನೇನು? ನೀನs ನೋಡಿದಿ, ಎರಡೂ ಕೈ ನೀರಾಗ ಇದ್ದೂವು."

ಆಮೇಲೆ ಖಾಲಿ ಪೆಟ್ಟಿಗೆಯೊಂದನ್ನು ಕಾಲಿನಿಂದ ನನ್ನ ಕಡೆ ಸರಿಸಿದರು. ನಾನು ಕೂತು ಬಡಿದೆ. ನಾಲ್ಕು ಸಮ, ಒಂದು ಖಾಲಿ, ಒಂದು ಜೋರು. ಅವರು ಕಣ್ಣು ಅರ್ಧ ಮುಚ್ಚಿ ಕೇಳಿದರು. ಇನ್ನೂ ಹಾಗೇ ಇದೆ ಅಂದರು. ಶಾಲೆ ನಡೆದಿದೆಯೇನು ಅಂತ ಕೇಳಿದರು. ನಡೆದಿದೆ ಅಂದೆ. ಹಾಗಾದರೆ ನನ್ನ ಮುಂದೆ ಮುಖ ಸಣ್ಣ ಮಾಡಿಕೊಂಡು ಯಾಕೆ ನಿಂತಿದ್ದೀಯ, ಹಿಂದೆ ಜನ ಕಾಯುತ್ತಿದ್ದಾರೆ, ಪೆಟ್ಟಿಗೆ ಬಿಡು ಅಂದರು. ನಾನು ಎದ್ದೆ. ನನ್ನ ಜಾಗದಲ್ಲಿ ಇನ್ನೊಬ್ಬರು ಕೂತರು.

ಅವರು ಮುಂಡರಗಿಯಲ್ಲೇ ನಿವೃತ್ತರಾದರು, ಕೆಲವು ವರ್ಷಕ್ಕೆ ಹೋದರು. ಸುದ್ದಿ ನನಗೆ ತಲುಪಿದ್ದು ಮಣ್ಣಾದ ಮೇಲೆ. ಅವರದೊಂದು ಫೋಟೋ ಎಲ್ಲೂ ಇಲ್ಲ. ನಾನು ನಿವೃತ್ತನಾದ ಮೇಲೆ ಹಳೆಯ ಕಡತದಲ್ಲಿ ಹುಡುಕಿಸಿದೆ. ಒಂದೇ ಸಾಲು ಸಿಕ್ಕಿತು: ಡ್ರೆಸ್ಸರ್, ಎರಡು ಸಲ ತಾಕೀತು ಮಾಡಲಾಗಿದೆ. ನಾನು ಅದನ್ನು ಒಪ್ಪುವುದಿಲ್ಲ. ಅವರು ಮಾಡಿದ್ದು ತಪ್ಪು ಅಂತ ಒಪ್ಪಿದರೆ, ಅದರಿಂದ ಸಿಕ್ಕ ಮಾಸ್ತರಿಕೆಯಲ್ಲಿ ನಾನು ಮೂವತ್ತು ವರ್ಷ ಕಲಿಸಿದ್ದೂ ಸುಳ್ಳಾಗುತ್ತದೆ.

ನಿಮ್ಮ ಎದೆ ಹಾರುತ್ತಿದ್ದರೆ ನನ್ನ ಬರಹ ನಂಬಿ ಮನೆಯಲ್ಲಿ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಅದರ ಜೊತೆ ಕಣ್ಣು ಕತ್ತಲೆ ಬಂದರೆ, ಬಿದ್ದರೆ, ಎದೆ ನೋವು ಬಂದರೆ, ಉಸಿರು ಹತ್ತಿದರೆ, ದುಡಿಯುವಾಗಲೇ ಶುರುವಾದರೆ ಆ ಗಳಿಗೆಯಲ್ಲೇ ಹೋಗಿ. ಯಂತ್ರ ಕಟ್ಟಿದರೆ ಜೊತೆಗೆ ಕೊಟ್ಟ ಹಾಳೆಯನ್ನು ಖಾಲಿ ಬಿಡಬೇಡಿ. ರಿಪೋರ್ಟ್ ಬಂದಾಗ ಅರ್ಥವಾಗುವ ತನಕ ಕುರ್ಚಿ ಬಿಟ್ಟು ಏಳಬೇಡಿ.

ಇನ್ನು ನಿಮ್ಮಲ್ಲಿ ಒಂದು ಕೇಳಿಕೆ. ಲಕ್ಷ್ಮೇಶ್ವರ, ಗದಗ, ಮುಂಡರಗಿ ಕಡೆಯ ನಿಮ್ಮ ಮನೆಯ ಹಿರಿಯರು ಯಾರಾದರೂ ಆ ಪೆಟ್ಟಿಗೆಗಳ ಮುಂದೆ ಕೂತಿದ್ದರೇ? ಅಥವಾ ನಿಮ್ಮೂರಿನಲ್ಲೂ ಹೀಗೆ ಹುದ್ದೆ ಸಣ್ಣದು, ಕೆಲಸ ದೊಡ್ಡದು ಅನ್ನುವಂಥವರು ಇದ್ದರೇ? ನೆನಪಿದ್ದಷ್ಟು ಬರೆದು ತಿಳಿಸಿ. ಕಡತದಲ್ಲಿ ಒಂದು ಸಾಲು ಇದೆ, ಅದರ ಪಕ್ಕ ನಾವೆಲ್ಲ ಸೇರಿ ಇನ್ನಷ್ಟು ಸಾಲು ಬರೆಯೋಣ.